ಓಂಕಾರಪ್ಪನ ಪುಕ್ಕಟೆ ಕಿವಿಮಾತು

ಕರೆಂಟು ಈಗಷ್ಟೇ ಹೋಗಿದೆ, ಬರುವುದಕ್ಕೆ ಇನ್ನೂ ಹೊತ್ತಿದೆ. ಆ ಗೋಧಿ ಚೀಲವನ್ನು ಗೋಡೆಗೆ ಒರಗಿಸಿ ಈ ಬೆಂಚಿನ ಮೇಲೆ ಕೂತುಕೊಳ್ಳಿ. ಬಟ್ಟೆಗೆ ಹಿಟ್ಟು ಹತ್ತುತ್ತದೆ, ಕೊಡವಿದರೆ ಹೋಗುತ್ತದೆ. ನೀವು ಹೊರಗಿನವರು ಎಂದು ನೋಡಿದ ಕೂಡಲೇ ತಿಳಿಯಿತು. ಬರುವ ದಾರಿಯಲ್ಲಿ ಯಾರೋ ನಿಮ್ಮನ್ನು ಬಸ್‌ಸ್ಟ್ಯಾಂಡಿಗೆ ಹೇಗೆ ಹೋಗುವುದು ಎಂದು ಕೇಳಿರಬೇಕು. ಹೊಸಬರನ್ನು ಹಿಡಿದು ದಾರಿ ಕೇಳುವುದು ನಮ್ಮವರಿಗೆ ಚಟ. ನೀವು ಪಾಪ ಎಂದುಕೊಂಡು ವಿವರವಾಗಿ ಹೇಳಿಕೊಟ್ಟಿರುತ್ತೀರಿ. ಈಗ ಬಸ್‌ಸ್ಟ್ಯಾಂಡ್ ಎಲ್ಲಿದೆ ಎಂದು ನೆನಪು ಮಾಡಿಕೊಳ್ಳಿ ನೋಡೋಣ. ಮರೆತೇಹೋಯಿತಲ್ಲ! ಚಿಂತೆಯಿಲ್ಲ, ಹೋಗುವಾಗ ನಿಮಗೆ ಯಾರಾದರೂ ಹೇಳುತ್ತಾರೆ, ಹೇಳಿದವರು ಇನ್ನೊಬ್ಬರನ್ನು ಕೇಳಿಕೊಳ್ಳುತ್ತಾರೆ. ಬಸ್‌ಸ್ಟ್ಯಾಂಡಿನ ದಾರಿ ನಮ್ಮೂರಿನಲ್ಲಿ ಹೀಗೇ ದಿನವಿಡೀ ಒಬ್ಬರಿಂದ ಒಬ್ಬರಿಗೆ ಓಡಾಡಿಕೊಂಡಿರುತ್ತದೆ.

ನಮ್ಮಲ್ಲಿ ಬಾಯಿಬಿಟ್ಟು ಹೇಳಿದ್ದು ಹೇಳಿದವರ ಹತ್ತಿರ ಉಳಿಯುವುದಿಲ್ಲ, ಕೇಳಿದವರದಾಗುತ್ತದೆ. ಕಿವಿಮಾತಾದರೂ ಅಷ್ಟೇ, ಸುದ್ದಿಯಾದರೂ ಅಷ್ಟೇ, ಕಥೆಯಾದರೂ ಅಷ್ಟೇ. ನಾಲ್ಕು ಜನ ನಿಂತು ಕೇಳಿದರೆ ಯಾರ ಕಿವಿ ಹತ್ತಿರವಿತ್ತೋ ಅವರಿಗೆ ಸೇರುತ್ತದೆ. ಬರೆದಿಟ್ಟರೆ ಮೊದಲು ಓದಿದವರ ಪಾಲು, ಮಿಕ್ಕವರಿಗೆ ಅದು ಬರೀ ಗೀಚು. ಒಮ್ಮೆ ಕೊಟ್ಟದ್ದನ್ನು ಸಿಟಿಗೆ ಹೋಗಿ ಎಷ್ಟು ಕಲಿತು ಬಂದರೂ ಅದು ತಲೆಗೆ ಹತ್ತುವುದಿಲ್ಲ, ತೆಗೆದುಕೊಂಡವರೇ ವಾಪಸು ಹೇಳಬೇಕು. ಈ ಕಟ್ಟಳೆಯೊಂದು ಮಾತ್ರ ಎಷ್ಟು ಸಲ ಹೇಳಿದರೂ ಮರೆಯುವುದಿಲ್ಲ, ಯಾಕೆಂದು ನನ್ನನ್ನು ಕೇಳಬೇಡಿ. ಹೀಗಾಗಿ ನಮ್ಮೂರಿನ ಅತ್ತೆಯರು ಹುಳಿಪುಡಿಯ ಅಳತೆಯನ್ನು ಸೊಸೆಯರಿಗೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬಿಟ್ಟುಕೊಟ್ಟ ಅತ್ತೆ ಆವತ್ತಿನಿಂದ ಅಡುಗೆಮನೆಯ ಹೊರಗೆ ಕೂತು, ಸೊಸೆ ಮಾಡಿದ ಹುಳಿಯನ್ನು ಚಪ್ಪರಿಸುತ್ತಾ "ಇದನ್ನ ಎಲ್ಲಿ ಕಲಿತೆಯೇ?" ಎಂದು ಕೇಳುತ್ತಾಳೆ. ಶಾಲೆಯ ಮೇಷ್ಟ್ರುಗಳು ಜೂನ್ ತಿಂಗಳಲ್ಲಿ ತುಂಬಿಕೊಂಡು ಬರುತ್ತಾರೆ, ಮಾರ್ಚ್ ಹೊತ್ತಿಗೆ ಖಾಲಿಯಾಗಿ ಹೋಗುತ್ತಾರೆ. ಡಾಕ್ಟರು ರೋಗ ಏನೆಂದು ಯಾರಿಗೂ ಹೇಳುವುದಿಲ್ಲ, ಗುಳಿಗೆ ಕೊಟ್ಟು ಬಾಗಿಲು ತೋರಿಸುತ್ತಾರೆ. ಚಾಡಿ ಹೇಳುವವರಿಗೆ ಮಾತ್ರ ಇದು ಸುಖದ ಊರು, ಹೇಳಿದ ಮರುಕ್ಷಣ ಅವರು ನಿಜವಾಗಿಯೂ ನಿರಪರಾಧಿಗಳಾಗಿಬಿಡುತ್ತಾರೆ. ಇನ್ನೊಂದು ಮಾತು: ಒಬ್ಬರು ಕೆಲಸ ಮಾಡುವಾಗ ಅವರ ಕೈಯನ್ನು ದಿಟ್ಟಿಸಿ ನೋಡುವುದು ನಮ್ಮಲ್ಲಿ ಉಣ್ಣುವವರ ತಟ್ಟೆಯನ್ನು ದಿಟ್ಟಿಸಿದಷ್ಟೇ ಅಸಹ್ಯ. ಮರ್ಯಾದಸ್ಥರು ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ.

ಇಂಥ ಊರಿನಲ್ಲಿ ಓಂಕಾರಪ್ಪ ಕಂಪ್ಯೂಟರ್ ಅಂಗಡಿ ಇಟ್ಟ. ಅದೋ, ರಸ್ತೆಯಾಚೆ ನನ್ನ ಗಿರಣಿಗೆ ಎದುರಾಗಿ ನೀಲಿ ಬೋರ್ಡು ಕಾಣುತ್ತಿದೆಯಲ್ಲ, ಅದೇ ಓಂಕಾರ್ ಕಂಪ್ಯೂಟರ್ಸ್. ಬುದ್ಧಿ ಇರುವ ವ್ಯಾಪಾರಿಯಾಗಿದ್ದರೆ ಪೆಟ್ಟಿಗೆ ಮಾರಿ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದ. ಇವನು ಮೊದಲ ದಿನವೇ ಅಂಗಡಿಯ ಮುಂದೆ ಕರಿಹಲಗೆ ತೂಗುಹಾಕಿ, ಮೇಲ್ಗಡೆ 'ಈ ವಾರದ ಕಿವಿಮಾತು', ಕೆಳಗಡೆ 'ತಂತ್ರಜ್ಞಾನ ವಾರ್ತೆ' ಎಂದು ದಪ್ಪಕ್ಷರದಲ್ಲಿ ಬರೆದ. ಪ್ರತಿ ಸೋಮವಾರ ಹಲಗೆಗೆ ಟವೆಲ್ ಮುಚ್ಚಿ ಅದರ ಹಿಂದೆ ಕೈ ತೂರಿಸಿ ಬರೆಯುತ್ತಿದ್ದ. ಟವೆಲ್ ಎಳೆದಾಗ ಸಾಲಿನಲ್ಲಿ ಮೊದಲು ನಿಂತವರಿಗೆ ಕಿವಿಮಾತು ದಕ್ಕುತ್ತಿತ್ತು. ಅದು ಸಾಲದು ಎಂದು ಅಂಗಡಿಯಲ್ಲಿ ಏನು ಕೊಂಡರೂ, ಒಂದು ವೈರು ಕೊಂಡರೂ, ಜೊತೆಗೊಂದು ಕಿವಿಮಾತು ಪುಕ್ಕಟೆ. ಕೊಡುವ ಮುಂಚೆ ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಎರಡೂ ಗಾಜು ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ಆಮೇಲೆ ಹೇಳುವುದು ಅವನ ಪದ್ಧತಿ. ಅಷ್ಟರಲ್ಲಿ ನಾನು ಒಂದು ಸೇರು ರಾಗಿ ಬೀಸಿ ಮುಗಿಸಬಹುದಿತ್ತು.

ಹೀಗೆ ಹಂಚಿ ಹಂಚಿ ಅವನಿಗೆ ಗೊತ್ತಿದ್ದದ್ದೆಲ್ಲ ಊರಿನ ಪಾಲಾಯಿತು. ಪ್ರಿಂಟ್ ತೆಗೆಯುವುದು ಟೈಲರ್ ಖಾದರ್ ಸಾಹೇಬರ ಹತ್ತಿರ ಹೋಯಿತು. ಯಾರಿಗೇ ಪ್ರಿಂಟ್ ಬೇಕಾದರೂ ಅವರು ಕತ್ತರಿ ಕೆಳಗಿಟ್ಟು ಬರಬೇಕು. ಅಕ್ಷರ ದೊಡ್ಡದು ಮಾಡುವುದು ಔಷಧಿ ಅಂಗಡಿಯ ಜಿನದತ್ತಯ್ಯನವರ ಹತ್ತಿರ ಹೋಯಿತು. ಊರಿನ ಮುದುಕರೆಲ್ಲ ಈಗ ಅವರ ಅಂಗಡಿಯಲ್ಲೇ ಮಾತ್ರೆ ಕೊಳ್ಳುತ್ತಾರೆ. ಯಂತ್ರವನ್ನು ಸರಿಯಾಗಿ ಆರಿಸುವುದು ಬಳೆ ಅಂಗಡಿಯ ಗಿರಿಜಮ್ಮನ ಹತ್ತಿರ ಇದೆ. ಸಂಜೆಯಾದರೆ ಅವಳು ದೀಪ ಹಚ್ಚಿ ಮನೆಮನೆಗೆ ಹೋಗಿ ಕಂಪ್ಯೂಟರ್ ಆರಿಸಿಕೊಂಡು ಬರುತ್ತಾಳೆ. ವಾರ್ತೆಗಳ ಪಾಡಂತೂ ಹೇಳುವುದೇ ಬೇಡ. ಮಡಚುವ ಫೋನು ಬಂದಿದೆಯಂತೆ ಎಂದು ಓಂಕಾರಪ್ಪ ಬೆಳಿಗ್ಗೆ ಜಿನದತ್ತಯ್ಯನವರಿಗೆ ಹೇಳುತ್ತಿದ್ದ, ಸಂಜೆ ಅವರು ಅದನ್ನೇ ಇವನಿಗೆ ಹೇಳುತ್ತಿದ್ದರು. "ಅಯ್ಯಯ್ಯೋ, ಹೌದಾ ಸ್ವಾಮಿ? ಫೋನನ್ನ ಮಡಚೋದಾ?" ಎಂದು ಇವನ ಮುಖ ಇಷ್ಟಗಲವಾಗುತ್ತಿತ್ತು. ಮರುದಿನ ಅವರಿಗೆ ತಿರುಗಿ ಹೇಳುತ್ತಿದ್ದ. ಒಂದೇ ಸುದ್ದಿಗೆ ವಾರವಿಡೀ ಬೆರಗಾಗುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

ನನ್ನ ಹತ್ತಿರ ಇರುವುದು ಇವೆಲ್ಲಕ್ಕಿಂತ ಮೇಲಿನದು. ಗಿರಣಿಗೆಂದು ನಾನೊಂದು ಹಳೆಯ ಕಂಪ್ಯೂಟರ್ ಕೊಂಡಾಗ ಓಂಕಾರಪ್ಪ ಕನ್ನಡಕ ಒರೆಸಿ ನನಗೆ ಕೊಟ್ಟದ್ದು, ಕೈತಪ್ಪಿ ಮಾಡಿದ್ದನ್ನು ವಾಪಸು ತೆಗೆಯುವ ಉಪಾಯ. ಎರಡು ಗುಂಡಿ. ಯಾವ ಎರಡು ಎಂದು ನೀವು ಕೇಳಬಾರದು, ಕೇಳಿದರೂ ನಾನು ಹೇಳುವುದಿಲ್ಲ. ಬರೆದದ್ದು ಅಳಿಸಿಹೋದವರು, ಲಗ್ನಪತ್ರಿಕೆಯಲ್ಲಿ ಹೆಣ್ಣಿನ ಹೆಸರು ಮಾಯವಾದವರು ಎಲ್ಲ "ಸಾಕಕ್ಕಾ, ಹೋಯ್ತು, ಬನ್ನಿ!" ಎಂದು ನನ್ನ ಹೆಸರು ಕೂಗುತ್ತಾ ಓಡಿಬರುತ್ತಾರೆ. ನಾನು ಹಿಟ್ಟಿನ ಕೈಯಲ್ಲೇ ಹೋಗುತ್ತೇನೆ. ಮನೆಯವರೆಲ್ಲ ಗೋಡೆಗೆ ಮುಖ ಮಾಡುತ್ತಾರೆ, ನಾನು ಒತ್ತುತ್ತೇನೆ, ಹೋದದ್ದು ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಅದಕ್ಕೂ ಹಿಂದೆ ಮಾಡಿದ್ದು ಹಿಂದಕ್ಕೆ ಹೋಗುತ್ತದೆ. ಊರಿನ ಎಷ್ಟೋ ಕೀಬೋರ್ಡುಗಳಲ್ಲಿ ಎರಡೇ ಗುಂಡಿಗಳ ಮೇಲೆ ರಾಗಿಹಿಟ್ಟು ಕೂತಿದೆ, ಆದರೂ ಯಾರಿಗೂ ಅದರ ಅರ್ಥ ಹೊಳೆದಿಲ್ಲ. ನಮ್ಮವರು ಅಷ್ಟು ಮರ್ಯಾದಸ್ಥರು.

ಒಂದು ದಿನ ಬೆಳಿಗ್ಗೆ ಓಂಕಾರಪ್ಪ ರಸ್ತೆ ದಾಟಿ ಬಂದ. ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಮೋಟಾರು ನಿಲ್ಲಿಸಿದೆ. "ಸಾಕಕ್ಕ, ಸಿಟಿಯಿಂದ ಕಂಪನಿಯವರು ಫೋನ್ ಮಾಡಿದ್ರು. ನಮ್ಮ ಡೀಲರ್‌ಗೆ ಏನೂ ಗೊತ್ತಿಲ್ಲ ಅಂತ ಯಾರೋ ದೂರು ಕೊಟ್ಟವ್ರಂತೆ. ಗುರುವಾರ ಒಬ್ಬ ಆಫೀಸರ್ ಬಂದು ನನ್ನ ಪರೀಕ್ಷೆ ಮಾಡ್ತಾನಂತೆ. ನಾನು ಪಾಸಾಗದಿದ್ರೆ ಬೋರ್ಡು ಇಳಿಸಿ, ಅಂಗಡಿ ಮುಚ್ಚಿಸ್ತಾರಂತೆ. ಆಮೇಲೆ ನಾನು ಭಾವಮೈದನ ಸಿಮೆಂಟ್ ಅಂಗಡಿಲಿ ಚೀಲ ಎಣಿಸೋಕೆ ಹೋಗ್ಬೇಕು. ಈ ಊರು ಬಿಟ್ಟು ಹೋಗ್ಬೇಕು ಸಾಕಕ್ಕ!" ಎಂದ. ಕಣ್ಣಲ್ಲಿ ನೀರಿತ್ತು. ಹೇಳಿ ಮುಗಿಸಿದ್ದೇ ತಡ, ಮುಖ ತಿಳಿಯಾಯಿತು. ಕಣ್ಣು ಮುಟ್ಟಿ ನೋಡಿಕೊಂಡು "ಇದೇನು, ಹಿಟ್ಟು ಬಿತ್ತಾ ಕಣ್ಣಿಗೆ?" ಎಂದ. ಆಮೇಲೆ "ಏನಕ್ಕೋ ಬಂದೆ ಸಾಕಕ್ಕ. ಇರ್ಲಿ, ಚಟ್ನಿಪುಡಿ ಇದ್ರೆ ಒಂಚೂರು ಕೊಡಿ" ಎಂದು ಚಟ್ನಿಪುಡಿ ಕಟ್ಟಿಸಿಕೊಂಡು, ಶಿಳ್ಳೆ ಹಾಕುತ್ತಾ ವಾಪಸು ಹೋದ.

ಅವನ ಸಂಕಟ ಈಗ ನನ್ನದಾಯಿತು. ತಿರುಗಿ ಅವನಿಗೇ ಹೇಳೋಣವೆಂದರೆ, ಅವನು ಇನ್ನೊಂದು ಗಳಿಗೆಯಲ್ಲಿ ಅದನ್ನು ಖಾದರ್ ಸಾಹೇಬರಿಗೆ ದಾಟಿಸುತ್ತಾನೆ, ಅವರು ಜಿನದತ್ತಯ್ಯನವರಿಗೆ. ಗುರುವಾರದ ಹೊತ್ತಿಗೆ ಅದು ಊರಾಚೆಯ ಯಾವ ಕುರಿ ಕಾಯುವವನ ತಲೆಯಲ್ಲಿರುತ್ತದೋ ಯಾರಿಗೆ ಗೊತ್ತು? ನನಗೆ ಅವನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಎದುರಿನ ಅಂಗಡಿಯಲ್ಲಿ ಅವನಿಲ್ಲದೆ ಸಿಮೆಂಟ್ ಬಣ್ಣದ ಶಟರ್ ಒಂದೇ ಕಾಣುವ ಬೆಳಗನ್ನು ನಾನು ಊಹಿಸಿಕೊಳ್ಳಲಾರದೆ ಹೋದೆ. ಸುದ್ದಿಯನ್ನು ನಾನೇ ಕಚ್ಚಿ ಹಿಡಿದುಕೊಂಡು, ಅವನ ಕಿವಿಮಾತುಗಳನ್ನು ಊರಿನಿಂದ ವಾಪಸು ಕೊಡಿಸುವುದೆಂದು ತೀರ್ಮಾನ ಮಾಡಿದೆ.

ಮೊದಲು ಖಾದರ್ ಸಾಹೇಬರ ಹತ್ತಿರ ಹೋದೆ. "ಸಾಹೇಬ್ರೇ, ಓಂಕಾರಪ್ಪನ ಪ್ರಿಂಟು ಅವನಿಗೆ ವಾಪಸು ಹೇಳಿಬಿಡಿ" ಎಂದೆ. ಅವರು ಬಾಯಲ್ಲಿದ್ದ ಗುಂಡುಸೂಜಿ ತೆಗೆದು "ಯಾಕಮ್ಮ?" ಎಂದರು. "ಯಾಕೆ ಅಂತ ಕೇಳ್ಬೇಡಿ." "ಯಾಕೆ ಅಂತ ಕೇಳದೆ ನಾನು ಒಂದು ಗುಂಡಿನೂ ಹೊಲಿಯಲ್ಲ ಸಾಕಮ್ಮ. ಪ್ರಿಂಟಿಗೆ ಅಂತ ಬಂದವರು ಪ್ಯಾಂಟಿಗೆ ಅಳತೆ ಕೊಟ್ಟು ಹೋಗ್ತಾರೆ, ಅದನ್ನ ಹೆಂಗೆ ಬಿಡ್ಲಿ?" ಎಂದರು. ಜಿನದತ್ತಯ್ಯನವರು ಇನ್ನೂ ಖಡಕ್ಕಾಗಿದ್ದರು. "ಅಲ್ಲಮ್ಮ, ಹುಟ್ಟಿದಾಗಿನಿಂದ ನನ್ನನ್ನ ಯಾರೂ ಎದ್ದುನಿಂತು ಮರ್ಯಾದೆಯಿಂದ ಕೂರಿಸಿರ್ಲಿಲ್ಲ. ಅಕ್ಷರ ದೊಡ್ಡದು ಮಾಡೋಕೆ ಬಂದ್ಮೇಲೆ ಕುರ್ಚಿ ಹಾಕ್ತಾರೆ, ಕಾಫಿ ಕೊಡ್ತಾರೆ. ಅದನ್ನ ಬಿಡು ಅಂತೀಯಲ್ಲ. ಅದಿರ್ಲಿ, ನಿನ್ನ ಹತ್ರ ಇರೋದನ್ನ ನೀನು ವಾಪಸು ಕೊಟ್ಯಾ?" ಎಂದರು. ನಾನು "ನನ್ನದು ಬೇರೆ" ಎಂದೆ. "ಹೆಂಗೆ ಬೇರೆ?" ಎಂದರು. ಬೀಸಲು ಬೇಕಾದಷ್ಟು ಬಿದ್ದಿದೆ ಎಂದು ಎದ್ದು ಬಂದೆ. ಗಿರಿಜಮ್ಮನಂತೂ ನನ್ನನ್ನು ದೂರದಿಂದ ನೋಡಿಯೇ ಬಳೆ ಅಂಗಡಿಗೆ ಬಾಗಿಲು ಹಾಕಿದಳು.

ಗುರುವಾರ ಬಂತು. ಬೆಳಿಗ್ಗೆ ಬಸ್ಸಿನಿಂದ ಇಸ್ತ್ರಿ ಅಂಗಿಯ, ಹೊಳೆಯುವ ಬೂಟಿನ ಹುಡುಗನೊಬ್ಬ ಇಳಿದ. ಕಂಕುಳಲ್ಲಿ ಲ್ಯಾಪ್‌ಟಾಪ್ ಚೀಲ. ಹೆಸರು ಸುಧನ್ವ ಎಂದು ಆಮೇಲೆ ತಿಳಿಯಿತು. ಅವನು ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಓಂಕಾರಪ್ಪ "ಬನ್ನಿ ಸರ್ ಬನ್ನಿ, ಮೌಸ್ ತೋರಿಸ್ಲಾ?" ಎಂದು ಎದ್ದುನಿಂತ. ನಾನು ಗಿರಣಿಯನ್ನು ಹಾಗೇ ಬಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಅಂಗಡಿಯ ಬಾಗಿಲಿಗೆ ಹೋಗಿ ನಿಂತೆ.

ಹುಡುಗ ಕುರ್ಚಿ ಎಳೆದುಕೊಂಡು ಕೂತು, ಪೀಠಿಕೆಯಿಲ್ಲದೆ ಶುರುಮಾಡಿದ. "ಒಂದು ಪ್ರಿಂಟ್ ತೆಗೆದು ತೋರಿಸಿ." ಓಂಕಾರಪ್ಪ ಸಂತೋಷವಾಗಿ "ಅದು ಖಾದರ್ ಸಾಹೇಬ್ರ ಹತ್ರ ಇದೆ ಸರ್, ಕರೀಲಾ?" ಎಂದ. "ಅಕ್ಷರ ದೊಡ್ಡದು ಮಾಡೋದು?" "ಜಿನದತ್ತಯ್ಯನವರ ಹತ್ರ ಇದೆ. ಬಹಳ ಚೆನ್ನಾಗಿ ಇಟ್ಕೊಂಡಿದ್ದಾರೆ." "ಹೋಗ್ಲಿ, ಈ ಯಂತ್ರನ ಆಫ್ ಆದ್ರೂ ಮಾಡಿ." "ಅದಕ್ಕೆ ಸಂಜೆ ಗಿರಿಜಮ್ಮ ಬರ್ತಾರೆ ಸರ್." ಹುಡುಗ ಅವನನ್ನು ಮೇಲಿಂದ ಕೆಳಗೆ ನೋಡಿದ. "ಹಾಗಾದ್ರೆ ನಿಮ್ಮ ಹತ್ರ ಏನಿದೆ?" ಓಂಕಾರಪ್ಪ ಸುತ್ತ ನೋಡಿ, ಯೋಚಿಸಿ, "ಪೆಟ್ಟಿಗೆಗಳಿವೆ ಸರ್" ಎಂದ. ಸುಧನ್ವ ಹಲ್ಲು ಕಚ್ಚಿಕೊಂಡು ತನ್ನ ಲ್ಯಾಪ್‌ಟಾಪ್ ತೆರೆದು ಒಂದೇ ಒಂದು ಸಾಲು ಟಕಟಕ ಬಡಿದ. ಏನು ಬಡಿದ ಎಂದು ಓದದೆಯೇ ನನಗೆ ಗೊತ್ತಾಯಿತು.

ಅಲ್ಲಿಗೆ ಎದ್ದು ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ತಿಳಿದವರಿಗೆ ತಿಳಿಯದವರನ್ನು ಕಂಡರೆ ಸುಮ್ಮನಿರಲಾಗುವುದಿಲ್ಲವಲ್ಲ. "ಇಷ್ಟು ಸುಲಭದ್ದು ಗೊತ್ತಿಲ್ಲ ಅಂದ್ರೆ ಹೇಗ್ರೀ? ಪ್ರಿಂಟ್ ಅಂದ್ರೆ ಏನು ಮಹಾ? ಕೇಳಿ ಇಲ್ಲಿ" ಎಂದು ಶುರುಹಚ್ಚಿಕೊಂಡ. ಒಬ್ಬ ಹೊರಗಿನವನು ಕೂತು ಧಾರಾಳವಾಗಿ ಹೇಳುತ್ತಿದ್ದಾನೆ ಎಂಬುದು ಬೀದಿಗೆ ಹೇಗೆ ಗೊತ್ತಾಯಿತೋ, ಜನ ಹಾಗೇ ನುಗ್ಗಿಬಂದರು. ಅದು ಓಂಕಾರಪ್ಪ ತಾನೇ ಒಮ್ಮೆ ಕೊಟ್ಟುಬಿಟ್ಟದ್ದಾದ್ದರಿಂದ ಅವನ ತಲೆಗೆ ಹತ್ತಲಿಲ್ಲ, ಅವನ ಭುಜದ ಹಿಂದೆ ಕತ್ತು ಚಾಚಿದವರಿಗೆ ದಕ್ಕಿತು. ಹುಡುಗ ಒಂದು ಹೇಳಿದರೆ ಒಬ್ಬರು "ಆಹಾ" ಎಂದು ತೃಪ್ತಿಯಿಂದ ಹಿಂದೆ ಸರಿಯುವುದು, ಇನ್ನೊಬ್ಬರು ಮುಂದೆ ನೂಕಿಕೊಂಡು ಬರುವುದು. ಫೋಟೋ ಹಾಡಿನ ಜೊತೆ ಕೂಡಿಸುವುದು, ಕೆಲಸ ಉಳಿಸಿಡುವುದು, ಕಳೆದುಹೋದ ಫೈಲು ಹುಡುಕುವುದು, ಎಲ್ಲ ಹೋದವು. "ತಪ್ಪಾದ್ರೆ ವಾಪಸು ತೆಗೆಯೋದು ಹೇಗೆ ಅಂದ್ರೆ..." ಎಂದಾಗ ಮಾತ್ರ ನಾನು ಮೊಣಕೈಯಲ್ಲಿ ನಾಲ್ಕು ಜನರನ್ನು ತಿವಿದು ಎಲ್ಲರಿಗಿಂತ ಮುಂದೆ ಹೋಗಿ ನಿಂತೆ. ನನ್ನ ಹತ್ತಿರ ಇದ್ದದ್ದೇ ಇನ್ನೊಮ್ಮೆ ಬಂದು ನನ್ನಲ್ಲಿ ಸೇರಿತು. ಊರಿನಲ್ಲಿ ಇನ್ನೊಬ್ಬರಿಗೂ ಅದು ಸಿಗಲು ಬಿಡುವುದಕ್ಕೆ ನಾನೇನು ಹುಚ್ಚಿಯೇ?

ಕಡೆಗೆ ಸುಧನ್ವ ಬೆವರು ಒರೆಸಿಕೊಂಡು ಓಂಕಾರಪ್ಪನ ಕಡೆ ತಿರುಗಿ, "ನೋಡಿ, ನಿಮ್ಮನ್ನ ಪರೀಕ್ಷೆ ಮಾಡೋಕೇ ಬಂದಿದ್ದು ನಾನು. ನಿಮಗೆ ಏನೂ ಗೊತ್ತಿಲ್ಲ, ಬೋರ್ಡು ಇಳಿಸಿ ಅಂಗಡಿ ಮುಚ್ಚಿಸೋದು ಅಂತ ರಿಪೋರ್ಟ್ ಬರೆದಾಯ್ತು" ಎಂದ. ಸುದ್ದಿ ಅವನ ಬಾಯಿಂದ ಹೊರಟು ಓಂಕಾರಪ್ಪನಿಗೆ ಸೇರಿದ್ದನ್ನು ನಾನು ಕಣ್ಣಾರೆ ಕಂಡೆ. ಒಬ್ಬನ ಮುಖ ಹಗುರವಾಯಿತು, ಇನ್ನೊಬ್ಬನದು ಇಳಿದುಹೋಯಿತು. ಓಂಕಾರಪ್ಪ ಮೆಲ್ಲಗೆ ತನ್ನ ಕರಿಹಲಗೆಯನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿ ಸ್ಟೂಲಿನ ಮೇಲೆ ಕುಸಿದು ಕೂತ. ಒಂದೇ ಸಂಕಟವನ್ನು ಒಬ್ಬ ಮನುಷ್ಯ ಎರಡು ಸಲ ಹೊಸದಾಗಿ ಪಡುವುದನ್ನು ನೋಡುವುದು ಬಹಳ ಕಷ್ಟ.

ಅಷ್ಟರಲ್ಲಿ ಸುಧನ್ವನ ಬಾಯಿಂದ ಒಂದು ಚೀತ್ಕಾರ ಬಂತು. ಕೆಲಸ ಉಳಿಸಿಡಲು ಹೋಗಿ, ಅದನ್ನು ಹೇಗೆ ಮಾಡುವುದೆಂಬುದು ಈಗ ತನ್ನ ಹತ್ತಿರ ಇಲ್ಲದ್ದರಿಂದ ಯಾವ್ಯಾವುದೋ ಗುಂಡಿ ಒತ್ತಿದ್ದ. ಲ್ಯಾಪ್‌ಟಾಪಿನ ಪರದೆ ತೊಳೆದಿಟ್ಟ ತಟ್ಟೆಯ ಹಾಗೆ ಬೆಳ್ಳಗಿತ್ತು. "ಎಲ್ಲಾ ಹೋಯ್ತು! ಜಿಲ್ಲೆಯ ಎಲ್ಲಾ ಅಂಗಡಿಗಳದ್ದೂ ಇದರಲ್ಲೇ ಇತ್ತು! ನನ್ನ ಕೆಲಸ ಹೋಗುತ್ತೆ!" ಎಂದು ತಲೆ ಮೇಲೆ ಕೈ ಹೊತ್ತುಕೊಂಡ. ನಾನಾದರೋ ಮನಸ್ಸಿನಲ್ಲೇ ಮನೆದೇವರಿಗೆ ಕೈಮುಗಿದೆ. ರಿಪೋರ್ಟೂ ಹೋಯಿತು, ಬಂದ ಕಾರಣವೂ ಅವನ ತಲೆಯಿಂದ ಹೋಯಿತು, ಇನ್ನೇನು ಬೇಕು? ಮೆಲ್ಲಗೆ ಜನರ ನಡುವೆ ತಲೆ ತಗ್ಗಿಸಿ ಗಿರಣಿಯ ಕಡೆ ಹೊರಟೆ.

"ಸಾಕಕ್ಕಾ!" ಎಂದು ಓಂಕಾರಪ್ಪ ಕೂಗಿದ. ಕುಸಿದು ಕೂತಿದ್ದವನು ಎದ್ದು ನಿಂತಿದ್ದ. "ಎಲ್ಲಿಗೆ ಹೋಗ್ತೀರಿ? ಬನ್ನಿ, ವಾಪಸು ತೆಗೆದುಕೊಡಿ. ಪಾಪ, ಎಷ್ಟು ದಿನದ ಕೆಲಸವೋ ಏನೋ." ನಾನು ಅವನ ಹತ್ತಿರ ಹೋಗಿ, ನನ್ನ ಗಂಟಲಿಗೆ ಎಷ್ಟು ಸಣ್ಣಗೆ ಆಗುತ್ತದೋ ಅಷ್ಟು ಸಣ್ಣಗೆ, "ಲೋ ಓಂಕಾರಪ್ಪ, ಅದ್ರೊಳಗೆ ಏನಿದೆ ಅಂತ ನಿನಗೆ ಗೊತ್ತು ತಾನೇ?" ಎಂದೆ. "ಗೊತ್ತು" ಎಂದ. "ಗೊತ್ತಿದ್ದೂ ತೆಗಿ ಅಂತೀಯಾ?" "ಅಂಗಡಿಗೆ ಬಂದವರು ಸಾಕಕ್ಕ. ಅಳ್ತಾ ಹೋಗ್ಬಾರ್ದು" ಎಂದ. ನನ್ನ ಗಂಟಲು ಎಷ್ಟು ಸಣ್ಣಗಾದರೂ ಬೀದಿಗೆಲ್ಲ ಕೇಳುತ್ತದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇವನಂಥವನನ್ನು ಹೆತ್ತ ತಾಯಿಗೆ ನಮಸ್ಕಾರ ಹಾಕಬೇಕೋ, ಇವನ ತಲೆಗೆ ಎರಡು ಕುಟ್ಟಬೇಕೋ ತಿಳಿಯಲಿಲ್ಲ. ಆಮೇಲೆ ಹೋಗಿ ಲ್ಯಾಪ್‌ಟಾಪಿನ ಮುಂದೆ ಕೂತು, "ತಿರುಗಿ ಎಲ್ರೂ" ಎಂದೆ.

ಇಡೀ ಬೀದಿ ಗೋಡೆಗೆ ಮುಖ ಮಾಡಿತು. ಊರಿನ ಪದ್ಧತಿ ಗೊತ್ತಿಲ್ಲದ ಸುಧನ್ವನನ್ನು ಖಾದರ್ ಸಾಹೇಬರು ಭುಜ ಹಿಡಿದು ತಿರುಗಿಸಿದರು. ನಾನು ಒತ್ತಿದೆ. ಹೋದದ್ದೆಲ್ಲ ಪುಟಪುಟವಾಗಿ ವಾಪಸು ಬಂತು, ಎಲ್ಲಕ್ಕಿಂತ ಕೆಳಗೆ ಓಂಕಾರ್ ಕಂಪ್ಯೂಟರ್ಸ್, ಅದರ ಮುಂದೆ ಆ ಹಾಳು ಸಾಲು. ಅಳಿಸಿಹೋಗುವ ಮುಂಚೆ ಅವನು ಕಡೆಯದಾಗಿ ಬಡಿದದ್ದು ಅದನ್ನೇ. ಯಾರೂ ನೋಡುತ್ತಿರಲಿಲ್ಲ. ನಾನು ಇನ್ನೊಮ್ಮೆ ಒತ್ತಿದೆ. ಸಾಲು ಹೋಯಿತು. ಕೈ ಜಾರಿತು ಎಂದು ನಾನು ಯಾವ ದೇವರ ಮುಂದೆಯೂ ಹೇಳುವುದಿಲ್ಲ, ಬೇಕೆಂದೇ ಒತ್ತಿದೆ.

ಹುಡುಗ ತಿರುಗಿ ನೋಡಿ, ಕುಣಿದಾಡುವುದೊಂದು ಬಾಕಿ. ನನ್ನ ಕಾಲು ಮುಟ್ಟಲು ಬಂದ, ಅಂಗಿಗೆಲ್ಲ ಹಿಟ್ಟಾಗುತ್ತದೆ ಎಂದು ತಡೆದೆ. ಮತ್ತೆ ಕೂತು ಪರದೆಯನ್ನು ಕೆಳಗಿನವರೆಗೂ ಓದಿ, ಹುಬ್ಬು ಗಂಟಿಕ್ಕಿದ. "ಎಲ್ಲಾ ಸರಿ ಇದೆ. ಈ ಅಂಗಡಿ ಮುಂದೆ ಮಾತ್ರ ಏನೂ ಇಲ್ಲ. ಇಲ್ಲಿ ಏನೋ ಬರೀಬೇಕಿತ್ತು. ಏನದು? ನಾನು ಇಲ್ಲಿಗೆ ಯಾಕೆ ಬಂದೆ ಅಂತ ನಿಮಗೇನಾದ್ರೂ ಗೊತ್ತಾ?" ಎಂದು ಕೇಳಿದ. ಬೇರೆ ಯಾರನ್ನಾದರೂ ಕೇಳಬಾರದಿತ್ತೇ? ಓಂಕಾರಪ್ಪನನ್ನೇ ಕೇಳಿದ.

ಜನ್ಮದಲ್ಲಿ ಕೇಳಿದವರಿಗೆ ಇಲ್ಲ ಎಂದವನಲ್ಲ ಅವನು. ನಾನು ಕಣ್ಣು ದೊಡ್ಡದು ಮಾಡಿದೆ, ತಲೆ ಅಲ್ಲಾಡಿಸಿದೆ, ತುಟಿಯ ಮೇಲೆ ಬೆರಳಿಟ್ಟೆ. ಅವನು ನನ್ನ ಕಡೆ ನೋಡಲೇ ಇಲ್ಲ. "ಗೊತ್ತು ಸರ್, ಹೇಳ್ತೀನಿ" ಎಂದು ಕನ್ನಡಕ ತೆಗೆದ. ಅಂಗಿಯ ಚುಂಗು ಹಿಡಿದು ಒಂದು ಗಾಜು ಒರೆಸತೊಡಗಿದ. ನಾನು ಓಡಿದೆ. ಈ ವಯಸ್ಸಿನಲ್ಲಿ, ಈ ದೇಹ ಹೊತ್ತುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಯನ್ನು ಎರಡೇ ನೆಗೆತದಲ್ಲಿ ದಾಟಿದೆ. ಹಿಂತಿರುಗಿ ನೋಡಿದರೆ ಎರಡನೆಯ ಗಾಜೂ ಮುಗಿಸಿ ಕನ್ನಡಕವನ್ನು ಬೆಳಕಿಗೆ ಹಿಡಿದಿದ್ದ. ಗಿರಣಿಯ ಬಾಯಲ್ಲಿ ಒಂದು ಕಾಳೂ ಇರಲಿಲ್ಲ. ಬರಿದಾಗಿ ಓಡಿಸಿದರೆ ಕಲ್ಲಿಗೆ ಕಲ್ಲು ತಿಕ್ಕಿ ಹಾಳಾಗುತ್ತದೆ, ಯಾವ ಗಿರಣಿಯವರೂ ಆ ಕೆಲಸ ಮಾಡುವುದಿಲ್ಲ. ನಾನು ಸ್ವಿಚ್ಚು ಎಳೆದೆ.

ಆ ಸದ್ದು ನೀವು ಕೇಳಬೇಕಿತ್ತು. ಕಲ್ಲುಗಳ ನಡುವೆ ಕಿಡಿ ಹಾರಿತು, ತಗಡಿನ ಮಾಡು ನಡುಗಿತು, ರಸ್ತೆಯಲ್ಲಿದ್ದ ಎಮ್ಮೆ ಬೆದರಿ ಗಿರಿಜಮ್ಮನ ಅಂಗಡಿಯೊಳಕ್ಕೆ ನುಗ್ಗಿತು. ಎದುರುಗಡೆ ಓಂಕಾರಪ್ಪ ಗಂಟಲು ಸರಿಮಾಡಿಕೊಂಡು, ಕೈ ಆಡಿಸುತ್ತಾ, ಬೋರ್ಡಿನ ಕಡೆ ತೋರಿಸುತ್ತಾ ಪ್ರಾಮಾಣಿಕವಾಗಿ ಎಲ್ಲವನ್ನೂ ಹೇಳುತ್ತಿದ್ದ. ಅವನ ತುಟಿ ಆಡುವುದು ಕಾಣುತ್ತಿತ್ತು, ಒಂದು ಅಕ್ಷರವೂ ಯಾರ ಕಿವಿಗೂ ಬೀಳಲಿಲ್ಲ. ಹುಡುಗ ಕಿವಿಗೆ ಕೈ ಹಚ್ಚಿ "ಏನು? ಏನು?" ಎನ್ನುತ್ತಿದ್ದ. ಓಂಕಾರಪ್ಪನ ತುಟಿ ನಿಂತಿತು, ಮುಖ ಮತ್ತೆ ತಿಳಿಯಾಯಿತು. ಆಗ ಮೋಟಾರು ನಿಲ್ಲಿಸಿದೆ. "ಈಗ ಹೇಳಿ, ಏನಂದ್ರಿ?" ಎಂದು ಸುಧನ್ವ ಕೇಳಿದ. "ನಾನಾ? ಏನಂದೆ ಸರ್?" ಎಂದು ಓಂಕಾರಪ್ಪ ಅವನನ್ನೇ ಕೇಳಿದ. ಹೇಳಿದವನಿಂದ ಹೋದ ಸುದ್ದಿ ಕೇಳುವವರನ್ನು ಸೇರಲಿಲ್ಲ, ನನ್ನ ಕಲ್ಲುಗಳ ನಡುವೆ ನುಚ್ಚುನೂರಾಯಿತು.

ಹುಡುಗ ತಲೆ ಕೆರೆದುಕೊಂಡು ಸುತ್ತ ನೋಡಿದ. ಅಂಗಡಿಯ ಒಳಗೆ, ಮೆಟ್ಟಿಲ ಮೇಲೆ, ಬೀದಿಯ ತುಂಬ ಜನ. ಆ ಖಾಲಿ ಜಾಗದಲ್ಲಿ 'ಗಿರಾಕಿಗಳ ನೂಕುನುಗ್ಗಲು, ಜಿಲ್ಲೆಯಲ್ಲಿ ಎಲ್ಲೂ ಇಷ್ಟು ಕಂಡಿಲ್ಲ' ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತಾ ಬಡಿದ. ಅದನ್ನು ಉಳಿಸಿಡಲು ಬಾರದೆ ಮತ್ತೆ ಕಕ್ಕಾಬಿಕ್ಕಿಯಾದ. ಆಗ ನಾನು ಓಂಕಾರಪ್ಪ ಸಿಟ್ಟಾದದ್ದನ್ನು ಮೊದಲ ಸಲ ನೋಡಿದೆ. "ಊರಿಗೆ ಬಂದವರನ್ನ ಖಾಲಿ ಮಾಡಿ ಕಳಿಸೋದಾ? ಅವರದ್ದು ಅವರಿಗೆ ಹೇಳಿ, ಬಸ್ಸಿಗೆ ಹೊತ್ತಾಯ್ತು!" ಎಂದ. ಎಂದೂ ಯಾರಿಂದಲೂ ಏನೂ ಕೇಳದವನು ಕೇಳಿದ್ದರಿಂದಲೋ ಏನೋ, ಜನ ಗೊಣಗುತ್ತಾ ಸಾಲಾಗಿ ಬಂದು, ತಾವು ಬೆಳಿಗ್ಗೆ ಪಡೆದದ್ದನ್ನು ಹುಡುಗನ ಕಿವಿಯಲ್ಲಿ ಹೇಳಿ ಹೋದರು. ನಾನು ಮಾತ್ರ ಸಾಲಿನಲ್ಲಿ ನಿಲ್ಲಲಿಲ್ಲ. ಓಂಕಾರಪ್ಪನಂಥವನು ಇರುವ ಊರಿನಲ್ಲಿ, ಆದದ್ದನ್ನು ವಾಪಸು ತೆಗೆಯುವ ಉಪಾಯ ಒಬ್ಬರ ಹತ್ತಿರವಾದರೂ ಭದ್ರವಾಗಿರಬೇಕು. ಸಿಟಿಯ ಹುಡುಗ, ಅದೊಂದಿಲ್ಲದೆ ಹೇಗೋ ಬದುಕಿಕೊಳ್ಳುತ್ತಾನೆ.

ಮುಂದಿನ ತಿಂಗಳು ಕಂಪನಿಯಿಂದ ಉತ್ತಮ ಡೀಲರ್ ಎಂದು ಒಂದು ಗೋಡೆ ಗಡಿಯಾರ ಬಂತು. ಅದಕ್ಕೆ ಸೆಲ್ ಹಾಕುವುದು ಹೇಗೆ ಎಂಬುದನ್ನು ಓಂಕಾರಪ್ಪ ಪೋಸ್ಟ್‌ಮ್ಯಾನ್‌ಗೆ ಹೇಳಿಕೊಟ್ಟುಬಿಟ್ಟಿದ್ದರಿಂದ ಅದು ಇನ್ನೂ ನಿಂತೇ ಇದೆ. ನನ್ನ ಗಿರಣಿಯ ಕಲ್ಲಿಗೆ ಮತ್ತೆ ಉಳಿ ಹೊಡೆಸಬೇಕಾಯಿತು, ಈಗಲೂ ಹಿಟ್ಟು ಸ್ವಲ್ಪ ತರಿಯಾಗಿ ಬೀಳುತ್ತದೆ. ಯಾಕೆ ಬರಿದಾಗಿ ಓಡಿಸಿದೆ ಎಂದು ಓಂಕಾರಪ್ಪನೇ ಬಂದು ನನ್ನನ್ನು ಗದರಿಸಿ ಹೋದ. ಬೈಸಿಕೊಂಡು ಸುಮ್ಮನಿದ್ದೆ. ನಿಜ ಹೇಳಿದರೆ ಅದು ಅವನದಾಗುತ್ತದೆ. ಅವನ ಕೈಗೆ ಸಿಕ್ಕಿತೆಂದರೆ, ಮೋಸವಾಗಬಾರದು ಎಂದು ಕಂಪನಿಗೆ ತಾನೇ ಫೋನ್ ಮಾಡಿ ಎಲ್ಲ ಒಪ್ಪಿಸಿಬಿಡುತ್ತಾನೆ. ಊರಿನಲ್ಲಿ ಯಾರಿಗೆ ಹೇಳಿದರೂ ಸುತ್ತಿ ಬಳಸಿ ಅವನ ಕಿವಿಗೇ ಬರುತ್ತದೆ. ಆದ್ದರಿಂದ ಅಂದಿನಿಂದ ಇದನ್ನು ನಾನೊಬ್ಬಳೇ ಹೊತ್ತುಕೊಂಡಿದ್ದೇನೆ. ನನ್ನ ಗಂಟಲಿನವಳಿಗೆ ಬಾಯಿ ಮುಚ್ಚಿಕೊಂಡಿರುವುದು ಎಂಥ ಶಿಕ್ಷೆ ಎಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ಅವನು ಎದುರಿಗೆ ಶಿಳ್ಳೆ ಹಾಕುತ್ತಾ ಹಲಗೆಗೆ ಟವೆಲ್ ಮುಚ್ಚುವುದನ್ನು ನೋಡಿದಾಗಲೆಲ್ಲ ಇದು ಗಂಟಲಿಗೆ ಬಂದು ನಿಲ್ಲುತ್ತದೆ, ನುಂಗಿಕೊಳ್ಳುತ್ತೇನೆ.

ನೀವು ಸಂಜೆ ಬಸ್ಸಿಗೆ ಹೋಗುವವರು. ಅದಕ್ಕೇ ನಿಮಗೆ ಹೇಳಿದೆ. ಇದನ್ನು ಊರಾಚೆ ಹೊತ್ತುಕೊಂಡು ಹೋಗಿ, ಅಲ್ಲಿ ಯಾರಿಗೆ ಬೇಕಾದರೂ ಹೇಳಿ, ಅಲ್ಲಿ ಹೇಳಿದರೆ ಖರ್ಚಾಗುವುದಿಲ್ಲ. ದಾರಿಯಲ್ಲಿ ಎದುರಂಗಡಿಯವನು ಮೌಸ್ ತೋರಿಸಲಾ ಎಂದರೆ ಒಂದು ತೆಗೆದುಕೊಳ್ಳಿ, ಏನಾದರೂ ಕೇಳಿದರೆ ಮಾತ್ರ ಬಾಯಿ ಬಿಡಬೇಡಿ. ಅಬ್ಬ, ಎದೆ ಹಗುರವಾಯಿತು. ನೋಡಿ, ಕರೆಂಟೂ ಬಂತು. ಇದೇನು, ನನ್ನ ಕಣ್ಣಲ್ಲಿ ನೀರು? ಹಿಟ್ಟು ಬಿದ್ದಿರಬೇಕು. ಅಯ್ಯೋ, ನಿಮ್ಮನ್ನು ಎಷ್ಟು ಹೊತ್ತಿನಿಂದ ಹೀಗೆ ಸುಮ್ಮನೆ ಕೂರಿಸಿದ್ದೇನೆ! ಏನು ತಂದಿದ್ದೀರಿ, ರಾಗಿಯೋ ಗೋಧಿಯೋ?